ಪಯೋರಿಯಾ: ಔಷಧ ಹುಡುಕಿದವರ ಚರಿತ್ರೆ

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವಯಸ್ಸಾದಂತೆ ಹಲ್ಲು ಬೀಳುವುದು ಕೂದಲು ನರೆಯುವಷ್ಟೇ ಸಹಜವೆಂದು ನಮ್ಮ ಹಿರಿಯರು ನಂಬಿದ್ದರೆಂಬುದಕ್ಕೆ ಈ ಗಾದೆಯೇ ಸಾಕ್ಷಿ. ಇಂದಿಗೂ ನಮ್ಮಲ್ಲಿ ಅನೇಕರ ನಂಬಿಕೆ ಅದೇ. ಆದರೆ ಹುಳುಕಿಲ್ಲದ ಗಟ್ಟಿ ಹಲ್ಲು ಕೇವಲ ವಯಸ್ಸಿನಿಂದ ಬೀಳುವುದಿಲ್ಲ. ಅದನ್ನು ಹಿಡಿದುಕೊಂಡಿರುವ ವಸಡು ಮತ್ತು ಎಲುಬು ರೋಗದಿಂದ ಕರಗಿದಾಗ ಅದು ಬೀಳುತ್ತದೆ. ಬಿದ್ದ ಹಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಎಷ್ಟೋ ಸಲ ಅದರಲ್ಲಿ ಒಂದು ಚುಕ್ಕೆಯಷ್ಟೂ ಹುಳುಕಿರುವುದಿಲ್ಲ. ಮನೆ ಗಟ್ಟಿಯಾಗಿಯೇ ಇತ್ತು, ಕುಸಿದದ್ದು ಅಡಿಪಾಯ.

ಈ ರೋಗಕ್ಕೆ ಜನರ ಬಾಯಲ್ಲಿ ‘ಪಯೋರಿಯಾ’ ಎಂದು ಹೆಸರು. ಗ್ರೀಕ್ ಮೂಲದ ಈ ಶಬ್ದಕ್ಕೆ ಕೀವು ಸೋರುವುದು ಎಂದಷ್ಟೇ ಅರ್ಥ. ಉತ್ತರ ಭಾರತದ ಗೋಡೆಬರಹಗಳಲ್ಲಿಯೂ, ಸಂತೆ ಬೀದಿಯ ದಂತವೈದ್ಯರ ಫಲಕಗಳಲ್ಲಿಯೂ, ಹಲ್ಲುಪುಡಿಯ ಡಬ್ಬಿಗಳ ಮೇಲೆಯೂ ಈ ಶಬ್ದವನ್ನು ನಾವೆಲ್ಲ ಓದಿದ್ದೇವೆ. ಸಾಮಾನ್ಯವಾಗಿ ಅದರ ಪಕ್ಕದಲ್ಲೇ ಒಂದು ರಾಮಬಾಣದ ಹೆಸರೂ ಇರುತ್ತದೆ. ಈ ರಾಮಬಾಣದ ಹುಡುಕಾಟಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ಓದಿದರೆ ರೋಗಕ್ಕೇನು ಮಾಡಬೇಕೆಂಬುದೂ ತಾನಾಗಿಯೇ ತಿಳಿಯುತ್ತದೆ. ಹೊಸ ಔಷಧವನ್ನು ಹುಡುಕಿಕೊಂಡು ಹೋದವರೆಲ್ಲ ಸುತ್ತಿ ಬಳಸಿ ಒಂದೇ ಸ್ಥಳಕ್ಕೆ ಹಿಂದಿರುಗಿದ್ದಾರೆ ಎಂಬುದೇ ಇದರಲ್ಲಿನ ಸ್ವಾರಸ್ಯ.

ಸುಶ್ರುತ ಕಂಡದ್ದು

ನಮ್ಮ ದೇಶದಿಂದಲೇ ಆರಂಭಿಸೋಣ. ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳು 65 ಎಂದು ಎಣಿಸಲಾಗಿದೆ. ಅವುಗಳಲ್ಲಿ ಹಲ್ಲಿನ ರೋಗಗಳು 8 ಆದರೆ ಹಲ್ಲಿನ ಬುಡದ, ಎಂದರೆ ವಸಡಿನ ರೋಗಗಳು 15. ಹಲ್ಲಿಗಿಂತ ಅದರ ಬುಡಕ್ಕೇ ಹೆಚ್ಚು ಕಂಟಕವೆಂಬುದು ಆ ಕಾಲದ ಶಸ್ತ್ರವೈದ್ಯರ ಕಣ್ಣಿಗೆ ಬಿದ್ದಿತ್ತು. ‘ಶೀತಾದ’ ಎಂಬ ರೋಗದಲ್ಲಿ ವಸಡು ಕಾರಣವಿಲ್ಲದೆ ರಕ್ತ ಸುರಿಸುತ್ತದೆ, ಮೆತ್ತಗಾಗುತ್ತದೆ, ಕಪ್ಪಾಗಿ ದುರ್ಗಂಧ ಬೀರುತ್ತದೆ. ‘ದಂತವೇಷ್ಟ’ದಲ್ಲಿ ರಕ್ತದೊಡನೆ ಕೀವೂ ಸೋರಿ ಹಲ್ಲುಗಳು ಅಲುಗಾಡತೊಡಗುತ್ತವೆ. ಇಂದಿನ ದಂತವೈದ್ಯರು ಹೇಳುವ ಎರಡು ಹಂತಗಳಿಗೂ, ಅಂದರೆ ವಸಡಿನ ಉರಿಯೂತಕ್ಕೂ ಅದರ ಆಳಕ್ಕಿಳಿದ ರೋಗಕ್ಕೂ, ಈ ಎರಡು ವರ್ಣನೆಗಳು ಬಹಳ ಹತ್ತಿರದಲ್ಲಿವೆ.

ಚಿಕಿತ್ಸೆಯ ಭಾಗ ಇನ್ನೂ ಕುತೂಹಲಕರವಾದದ್ದು. ಕೆಟ್ಟ ರಕ್ತವನ್ನು ತೆಗೆಯುವುದು, ತ್ರಿಫಲ ಮೊದಲಾದವುಗಳ ಕಷಾಯದಿಂದ ಬಾಯಿ ಮುಕ್ಕಳಿಸುವುದು ಇತ್ಯಾದಿ ಹೇಳಿದ ಗ್ರಂಥ, ‘ದಂತಶರ್ಕರಾ’ ಎಂಬ ಮತ್ತೊಂದು ತೊಂದರೆಯ ವಿಷಯ ಎತ್ತುತ್ತದೆ. ಹಲ್ಲಿನ ಮೇಲೆ ಸಕ್ಕರೆಯ ಹರಳಿನಂತೆ ಗಟ್ಟಿಯಾಗಿ ಕೂರುವ ಮಲವೇ ಇದು. ಕನ್ನಡದಲ್ಲಿ ಕಿಟ್ಟ ಎನ್ನೋಣ. ಡಾಕ್ಟರರು ಟಾರ್ಟರ್ ಎನ್ನುತ್ತಾರೆ. ವಸಡಿಗೆ ಪೆಟ್ಟಾಗದಂತೆ ಇದನ್ನು ಕೆರೆದು ತೆಗೆದು, ಅನಂತರ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಉಜ್ಜಬೇಕೆಂಬುದು ಸುಶ್ರುತನ ವಿಧಿ. ಕೆರೆಯುವುದಕ್ಕೆ ‘ದಂತಶಂಕು’ ಎಂಬ ಶಸ್ತ್ರವನ್ನೂ ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ದಿನನಿತ್ಯದ ಮಾತಿಗೆ ಬಂದರೆ, ಹನ್ನೆರಡು ಅಂಗುಲ ಉದ್ದದ, ಕಿರುಬೆರಳ ಗಾತ್ರದ ಕಡ್ಡಿಯಿಂದ ಹಲ್ಲುಜ್ಜಬೇಕು. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ ಶ್ರೇಷ್ಠ. ಅಗಿದು ಮೆದುವಾದ ಕುಂಚದಿಂದ ಒಂದೊಂದೇ ಹಲ್ಲನ್ನು, ವಸಡಿಗೆ ನೋವಾಗದಂತೆ ತಿಕ್ಕಬೇಕು.

ಓದುಗರು ಇಲ್ಲಿ ಎರಡು ಮಾತನ್ನು ಗಮನದಲ್ಲಿಡಬೇಕೆಂದು ಕೋರಿಕೆ. ಒಂದು, ‘ಒಂದೊಂದೇ ಹಲ್ಲು’. ಎರಡು, ‘ವಸಡಿಗೆ ನೋವಾಗದಂತೆ’. ಮುಂದೆ ಎರಡು ಸಾವಿರ ವರ್ಷಗಳ ನಂತರ ಅಮೆರಿಕದ ಒಬ್ಬ ಡಾಕ್ಟರು ಇದೇ ಮಾತುಗಳನ್ನು ಬೇರೆ ದಾರಿಯಿಂದ ಬಂದು ಹೇಳಲಿದ್ದಾನೆ.

ಹತ್ತನೆಯ ಶತಮಾನದ ಸ್ಪೇನಿನಲ್ಲಿ, ಕಾರ್ಡೋವಾದ ಅರಬ್ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಲ್ ಜಹ್ರಾವಿಯೂ ಕಿಟ್ಟವೇ ವಸಡನ್ನು ಕೆಡಿಸುವುದೆಂದು ಬರೆದು, ಅದನ್ನು ಕೆರೆಯುವ ಹದಿನಾಲ್ಕು ಬಗೆಯ ಉಪಕರಣಗಳ ಚಿತ್ರಗಳನ್ನೇ ಕೊಟ್ಟನು. ಹಲ್ಲಿನ ಹೊರಮೈ, ಒಳಮೈ, ಸಂದಿ ಇವುಗಳಿಗೆ ಬೇರೆ ಬೇರೆ ಆಕಾರದ ಉಪಕರಣ ಬೇಕೆಂಬುದು ಅವನ ಅನುಭವ. ಇಂದು ದಂತವೈದ್ಯರ ತಟ್ಟೆಯಲ್ಲಿ ಕಾಣುವ ಬಾಗಿದ ಕೊಕ್ಕೆಗಳು ಅವುಗಳ ವಂಶಜರೆನ್ನಬಹುದು.

ಕಿತ್ತಳೆಯ ಊರಿನಲ್ಲಿ ಒಂದು ಪ್ರಶ್ನೆ

ನಾಗಪುರದಲ್ಲಿ ಯಾರಾದರೂ ವಸಡಿನಲ್ಲಿ ರಕ್ತ ಬರುತ್ತದೆ ಎಂದರೆ ಸಾಕು, ‘ಕಿತ್ತಳೆ ತಿನ್ನಿ’ ಎಂಬ ಸಲಹೆ ಸಿದ್ಧ. ಇಲ್ಲಿನ ಕಿತ್ತಳೆಗೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿರುವಾಗ ಊರವರಿಗೆ ಅಭಿಮಾನ ಸಹಜವೇ. ಈ ಸಲಹೆಯ ಹಿಂದೆ ಒಂದು ನಿಜವಾದ ಚರಿತ್ರೆಯೂ ಇದೆ. ತಿಂಗಳುಗಟ್ಟಲೆ ಹಡಗಿನಲ್ಲಿದ್ದು ಹಸಿ ತರಕಾರಿ, ಹಣ್ಣು ಕಾಣದ ನಾವಿಕರಿಗೆ ಸ್ಕರ್ವಿ ಎಂಬ ರೋಗ ಬರುತ್ತಿತ್ತು. ವಸಡು ಊದಿ, ರಕ್ತ ಸುರಿದು, ಹಲ್ಲುಗಳು ಕಳಚುತ್ತಿದ್ದವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾವೈದ್ಯ ಸ್ಯಾಲಿಸ್ಬರಿ ಎಂಬ ಹಡಗಿನಲ್ಲಿ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ಪರೀಕ್ಷಿಸಿದನು. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಇದರ ಹಿಂದಿರುವುದು ಸಿ ಜೀವಸತ್ವವೆಂಬುದು ಇಪ್ಪತ್ತನೆಯ ಶತಮಾನದಲ್ಲಷ್ಟೇ ತಿಳಿಯಿತು.

ಆದರೆ ವಸಡಿನಿಂದ ರಕ್ತ ಬಂದದ್ದೆಲ್ಲ ಸ್ಕರ್ವಿಯಲ್ಲ. ಆಧುನಿಕ ದಂತವೈದ್ಯದ ಪಿತಾಮಹನೆನಿಸಿದ ಫ್ರಾನ್ಸಿನ ಪಿಯೇರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ದೇಹದ ಉಳಿದ ಭಾಗಕ್ಕೆ ಏನೂ ಆಗದೆ ವಸಡನ್ನೂ ಹಲ್ಲಿನ ಗುಳಿಯನ್ನೂ ಮಾತ್ರ ಹಿಡಿಯುವ ಸ್ಕರ್ವಿಯಂಥ ಒಂದು ರೋಗವಿದೆಯೆಂದು ಗುರುತಿಸಿದನು. ನಾವು ಪಯೋರಿಯಾ ಎನ್ನುವುದು ಇದನ್ನೇ. ನಿತ್ಯ ಸೊಪ್ಪು, ತರಕಾರಿ, ನಿಂಬೆ ಹುಳಿ ಉಣ್ಣುವ ನಮ್ಮ ಮನೆಗಳಲ್ಲಿ ಸ್ಕರ್ವಿ ಅಪರೂಪ. ವಸಡಿನ ರಕ್ತಕ್ಕೆ ಕಾರಣ ಬಹುಪಾಲು ಬೇರೆಯೇ. ಕಿತ್ತಳೆಯನ್ನು ಧಾರಾಳವಾಗಿ ತಿನ್ನೋಣ, ಆದರೆ ಹಲ್ಲಿನ ಬುಡದ ಕಿಟ್ಟವನ್ನು ಕಿತ್ತಳೆ ಕೀಳಲಾರದು.

ಬಟ್ಟೆ ವ್ಯಾಪಾರಿಯ ದುರ್ಬೀನು

ಬೇರೆ ಕಾರಣ ಯಾವುದೆಂಬುದನ್ನು ಮೊದಲು ಕಣ್ಣಾರೆ ಕಂಡವನು ವೈದ್ಯನೇ ಅಲ್ಲ. ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೀವನ್‌ಹುಕ್ ತಾನೇ ಮಸೂರಗಳನ್ನು ತಿಕ್ಕಿ ಸೂಕ್ಷ್ಮದರ್ಶಕಗಳನ್ನು ಮಾಡಿಕೊಂಡಿದ್ದನು. 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ತಾನು ದಿನವೂ ಉಪ್ಪಿನಿಂದ ಹಲ್ಲುಜ್ಜುವವನಾದರೂ ಹಲ್ಲಿನ ಸಂದಿಯಲ್ಲಿ ಹಿಟ್ಟಿನಂಥ ಬಿಳಿಯ ಪದಾರ್ಥ ಉಳಿದಿರುತ್ತದೆಂದೂ, ಅದನ್ನು ನೀರಿನಲ್ಲಿ ಕದಡಿ ನೋಡಿದರೆ ಅಸಂಖ್ಯಾತ ಸಣ್ಣ ಜೀವಿಗಳು ಚಲಿಸುವುದು ಕಾಣುತ್ತದೆಂದೂ ತಿಳಿಸಿದನು. ಹುಟ್ಟಿದಾರಭ್ಯ ಬಾಯಿಯನ್ನೇ ಶುಚಿ ಮಾಡದ ಒಬ್ಬ ಮುದುಕನ ಹಲ್ಲಿನಿಂದ ತೆಗೆದ ಪದಾರ್ಥದಲ್ಲಿ ಅವು ಇನ್ನೂ ಹೇರಳವಾಗಿದ್ದವು. ಮನುಷ್ಯ ಬ್ಯಾಕ್ಟೀರಿಯಗಳನ್ನು ಕಂಡು ಬರೆದಿಟ್ಟ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೂ ಒಂದು. ರೋಗಕ್ಕೂ ಇವುಗಳಿಗೂ ಸಂಬಂಧವಿದೆಯೆಂದು ಮಾತ್ರ ಅವನು ಊಹಿಸಲಿಲ್ಲ. ಆ ಕೊಂಡಿ ಕೂಡಲು ಇನ್ನೂ ಸುಮಾರು ಇನ್ನೂರೆಂಬತ್ತು ವರ್ಷ ಬೇಕಾಯಿತು.

ಕೆರೆದವರು, ಕಿತ್ತವರು, ಚುಚ್ಚಿದವರು

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ, ಹಾರ್ಟ್‌ಫರ್ಡ್ ನಗರದ ಜಾನ್ ರಿಗ್ಸ್ ಎಂಬ ದಂತವೈದ್ಯನಿದ್ದನು. 1844ರಲ್ಲಿ ಹೊರೇಸ್ ವೆಲ್ಸ್ ಎಂಬ ಸಹೋದ್ಯೋಗಿ ತನ್ನ ಮೇಲೆಯೇ ನೈಟ್ರಸ್ ಆಕ್ಸೈಡ್ ಪ್ರಯೋಗಿಸಿಕೊಂಡು ನೋವಿಲ್ಲದೆ ಹಲ್ಲು ಕೀಳಿಸಿಕೊಂಡಾಗ, ಆ ಹಲ್ಲನ್ನು ಕಿತ್ತ ಕೈ ಇದೇ ರಿಗ್ಸ್‌ನದು. ಆದರೆ ಅವನು ಹೆಸರಾದದ್ದು ಹಲ್ಲುಗಳನ್ನು ಕೀಳದೆ ಉಳಿಸಿದ್ದಕ್ಕೆ. ವಸಡಿನ ಕೆಳಗೆ ಇಳಿಯುವ ಉಪಕರಣಗಳನ್ನು ತಾನೇ ಮಾಡಿಸಿ, ಬೇರಿಗೆ ಅಂಟಿದ ಕಿಟ್ಟವನ್ನೆಲ್ಲ ಕೆರೆದು, ಹಲ್ಲನ್ನು ನುಣುಪು ಮಾಡಿ, ಮುಂದೆ ಶುಚಿಯಾಗಿಟ್ಟುಕೊಳ್ಳಲು ರೋಗಿಗೆ ಕಲಿಸುತ್ತಿದ್ದನು. ಆಗ ವಸಡನ್ನು ಕತ್ತರಿಸಿ ಹಾಕುವ ಪದ್ಧತಿಯಿತ್ತು. ರಿಗ್ಸ್ ಅದನ್ನು ವಿರೋಧಿಸಿದನು. ರೋಗಕ್ಕೆ ‘ರಿಗ್ಸ್ ರೋಗ’ವೆಂದೇ ಹೆಸರು ಬಿದ್ದು ಬಹುಕಾಲ ಉಳಿಯಿತು.

ಇಷ್ಟಾದ ಮೇಲೂ ದಾರಿ ತಪ್ಪುವುದು ನಿಲ್ಲಲಿಲ್ಲ. 1900ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್, ದೇಹದ ನಾನಾ ರೋಗಗಳಿಗೆ ಬಾಯಿಯ ನಂಜೇ ಮೂಲವೆಂದು ಬರೆದನು. 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅವನು ಮಾಡಿದ ಉಪನ್ಯಾಸ ಅಮೆರಿಕವನ್ನೆಲ್ಲ ಅಲುಗಿಸಿತು. ಮೂಲ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಆದರೆ ಅದರ ಪರಿಣಾಮ ವಿಪರೀತಕ್ಕೆ ಹೋಯಿತು. ಸಂಧಿವಾತವೇ, ಜ್ವರವೇ, ಹೊಟ್ಟೆನೋವೇ, ಮೊದಲು ಹಲ್ಲು ಕೀಳಿರಿ ಎನ್ನುವ ಕಾಲ ಬಂತು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯ ಬುದ್ಧಿಭ್ರಮಣೆಗೂ ಹಲ್ಲೇ ಕಾರಣವೆಂದು ರೋಗಿಗಳ ಹಲ್ಲುಗಳನ್ನು ಕೀಳಿಸಿದನು. ಉಳಿಸಬಹುದಾಗಿದ್ದ ಹಲ್ಲುಗಳು ಆ ದಶಕಗಳಲ್ಲಿ ಹೇರಳವಾಗಿ ಕಸದ ಬುಟ್ಟಿ ಸೇರಿದವು.

ಇನ್ನೊಂದು ಗುಂಪು ಚುಚ್ಚುಮದ್ದಿನ ಬೆನ್ನುಹತ್ತಿತು. 1914ರಲ್ಲಿ ಫಿಲಡೆಲ್ಫಿಯಾದ ಬ್ಯಾರೆಟ್ ಮತ್ತು ಸ್ಮಿತ್ ಎಂಬುವರು ಪಯೋರಿಯಾ ರೋಗಿಗಳ ವಸಡಿನಲ್ಲಿ ಅಮೀಬಾ ಇರುವುದನ್ನು ಕಂಡು, ಆಮಶಂಕೆಗೆ ಕೊಡುತ್ತಿದ್ದ ಎಮೆಟಿನ್ ಔಷಧವನ್ನೇ ಇದಕ್ಕೂ ಕೊಡಲಾರಂಭಿಸಿದರು. ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬಾಸ್, ತನ್ನ ಸಹೋದ್ಯೋಗಿ ಜಾನ್ಸ್‌ನೊಡನೆ ಇದೇ ಮತವನ್ನು ಹಿಡಿದು 1915ರಲ್ಲಿ ಪುಸ್ತಕವನ್ನೇ ಹೊರತಂದನು. ಬಾಸ್ ಸಾಮಾನ್ಯನಲ್ಲ, ಮಲೇರಿಯಾ ಪರೋಪಜೀವಿಯನ್ನು 1912ರಲ್ಲಿ ಪ್ರಯೋಗಶಾಲೆಯ ನಳಿಗೆಯಲ್ಲಿ ಬೆಳೆಸಿ ತೋರಿಸಿದ ವಿಜ್ಞಾನಿ. ಆದರೂ ಎಮೆಟಿನ್ ನಿಲ್ಲಲಿಲ್ಲ. ಅಮೀಬಾ ರೋಗದ ಜಾಗದಲ್ಲಿ ವಾಸಿಸುತ್ತದೆ, ನಿಜ. ರೋಗವನ್ನು ತಂದದ್ದು ಅದೇ ಎಂಬುದು ಸಿದ್ಧವಾಗಲಿಲ್ಲ. ಮದ್ದೋ, ಹೃದಯಕ್ಕೆ ಅಪಾಯಕಾರಿ.

ಬಾಸ್‌ನ ದೊಡ್ಡತನ ಇರುವುದು ಮುಂದಿನ ಕಥೆಯಲ್ಲಿ. ಅವನು ವಿಷಯವನ್ನು ಬಿಡಲಿಲ್ಲ. ನಿವೃತ್ತಿಯ ವಯಸ್ಸಿನಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಹಲ್ಲು ಮತ್ತು ವಸಡು ಕೂಡುವ ಸಂದಿಯನ್ನೇ ಅಭ್ಯಾಸ ಮಾಡಿದನು. 1948ರಲ್ಲಿ ಅವನು ಪ್ರಕಟಿಸಿದ್ದು ಹೊಸ ಔಷಧವನ್ನಲ್ಲ, ಹಲ್ಲುಜ್ಜುವ ಕ್ರಮವನ್ನು. ತುದಿ ದುಂಡಗಿರುವ ಮೃದುವಾದ ಎಳೆಗಳ ಬ್ರಷ್ಷು. ಅದನ್ನು ವಸಡಿನ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಹಿಡಿಯಬೇಕು. ಎಳೆಗಳ ತುದಿ ಸಂದಿಯೊಳಗೆ ಸ್ವಲ್ಪ ಇಳಿಯುವಂತೆ ಇಟ್ಟು, ಹಲ್ಲುಗಳ ಮೇಲೆ ಚಿಕ್ಕ ಚಿಕ್ಕದಾಗಿ ಹಿಂದೆ ಮುಂದೆ ಅಲುಗಿಸಬೇಕು. ಇಂದಿಗೂ ದಂತವೈದ್ಯ ಕಾಲೇಜುಗಳಲ್ಲಿ ‘ಬಾಸ್ ವಿಧಾನ’ವೆಂದು ಕಲಿಸುವುದು ಇದನ್ನೇ. ಚುಚ್ಚುಮದ್ದಿನಿಂದ ಹೊರಟವನು ಮೆದು ಕುಂಚಕ್ಕೆ ಬಂದು ಸೇರಿದನು. ಸುಶ್ರುತನ ಕುಂಚ ಮರದ್ದು, ಬಾಸ್‌ನದು 1938ರಿಂದ ಮಾರುಕಟ್ಟೆಗೆ ಬಂದ ನೈಲಾನಿನ ಕಾಲದ್ದು, ವ್ಯತ್ಯಾಸ ಇಷ್ಟೆ.

ನಂಜನಗೂಡಿನಿಂದ ನಾಗಪುರದವರೆಗೆ

ನಮ್ಮ ನಾಡಿನಲ್ಲಿ ಇದೇ ಕಾಲಕ್ಕೆ ಏನು ನಡೆದಿತ್ತು? ಯೂರೋಪು ಅಮೆರಿಕಗಳಲ್ಲಿ ಹಲ್ಲು ಕೀಳುವ ಅಬ್ಬರವಿದ್ದಾಗ, 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಂದ ಬಂದ ‘ನಂಜನಗೂಡು ಹಲ್ಲುಪುಡಿ’ ಮೈಸೂರು ಸೀಮೆಯಲ್ಲಿ ಎಷ್ಟು ಮನೆಮಾತಾಯಿತೆಂದರೆ, ಆ ಊರಿನ ಹೆಸರಿಗೆ ಶ್ರೀಕಂಠೇಶ್ವರ ಮತ್ತು ರಸಬಾಳೆಯ ಜೊತೆಗೆ ಹಲ್ಲುಪುಡಿಯೂ ಅಂಟಿಕೊಂಡಿತು. ಭತ್ತದ ಹೊಟ್ಟು ಅದರ ಮುಖ್ಯ ಸಾಮಗ್ರಿ. ಬೂದಿ, ಇದ್ದಿಲು, ಉಪ್ಪು, ಇಟ್ಟಿಗೆಪುಡಿಗಳಿಂದ ತಿಕ್ಕುತ್ತಿದ್ದ ಜನಕ್ಕೆ ಕಡಿಮೆ ಬೆಲೆಯಲ್ಲಿ ನಯವಾದ ಪುಡಿಯೊಂದು ಪೊಟ್ಟಣದಲ್ಲಿ ದೊರೆತದ್ದು ಸಣ್ಣ ಉಪಕಾರವಲ್ಲ. ಊರು ಬಿಟ್ಟು ಬಂದ ನಮ್ಮ ಮನೆಗಳಿಗೆ ಉಪ್ಪಿನಕಾಯಿ, ಹಪ್ಪಳಗಳೊಡನೆ ಈ ಪೊಟ್ಟಣಗಳೂ ಟ್ರಂಕಿನಲ್ಲಿ ಬಂದಿರುವುದುಂಟು.

ನಾಗಪುರಕ್ಕೂ ಇಂಥದೊಂದು ಕಥೆಯಿದೆ. ಕೇಶವ ವಿಷ್ಣು ಪೇಂಢಾರ್ಕರ್ ಎಂಬುವರು ಈ ಊರಿನಲ್ಲಿ ಒಂದು ಚಿಕ್ಕ ಅಂಗಡಿ ನಡೆಸುತ್ತಿದ್ದರು. ಅನಂತರ ಮುಂಬಯಿಗೆ ಹೋಗಿ 1952ರಲ್ಲಿ ವಿಕೋ ಸಂಸ್ಥೆಯನ್ನು ಆರಂಭಿಸಿದರು. ಅದರ ‘ವಜ್ರದಂತಿ’ಯ ಜಾಹೀರಾತನ್ನು ಸಿನೆಮಾ ಮಂದಿರದಲ್ಲಿಯೂ ದೂರದರ್ಶನದಲ್ಲಿಯೂ ಕೇಳದವರು ನಮ್ಮ ಪೀಳಿಗೆಯಲ್ಲಿ ಇರಲಾರರು. ವಜ್ರದಂತಿ ಎಂದರೆ ನಮ್ಮ ಮುಳ್ಳುಗೋರಂಟೆ ಗಿಡ. ಈ ಪುಡಿ, ಪೇಸ್ಟುಗಳು ಔಷಧವೋ, ಕೇವಲ ಶೃಂಗಾರ ಸಾಧನವೋ ಎಂಬ ತೆರಿಗೆ ವಿವಾದ ನಾಗಪುರದ ಕೇಂದ್ರ ಅಬಕಾರಿ ಕಮಿಷನರರಿಗೂ ಸಂಸ್ಥೆಗೂ ನಡುವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಈ ಶತಮಾನದ ಮೊದಲ ದಶಕದಲ್ಲಿ ಸಂಸ್ಥೆಯ ಪರವಾಗಿ ತೀರ್ಮಾನವಾಯಿತು.

ಕಾನೂನಿನ ಪುಸ್ತಕದಲ್ಲಿ ಔಷಧವೆಂದು ಸೇರುವುದು ಬೇರೆ, ವಸಡಿನ ಕೆಳಗೆ ಗಟ್ಟಿಯಾಗಿ ಕುಳಿತ ಕಿಟ್ಟವನ್ನು ಕೀಳುವುದು ಬೇರೆ. ಯಾವ ಕಂಪನಿಯದೇ ಇರಲಿ, ಯಾವ ಪದ್ಧತಿಯದೇ ಇರಲಿ, ಪುಡಿಗೂ ಪೇಸ್ಟಿಗೂ ಅಷ್ಟು ಆಳಕ್ಕಿಳಿಯುವ ಶಕ್ತಿಯಿಲ್ಲ. ಪುಡಿಯನ್ನು ಬೆರಳಿನಿಂದ ತಿಕ್ಕಿದಾಗ ಹಲ್ಲಿನ ಉಬ್ಬಿದ ಮುಖ ಹೊಳೆಯುತ್ತದೆ. ಸಂದಿ ಮತ್ತು ಅಂಚು ಹಾಗೆಯೇ ಉಳಿಯುತ್ತವೆ. ರೋಗ ಹುಟ್ಟುವುದು ಸರಿಯಾಗಿ ಆ ಉಳಿದ ಜಾಗದಲ್ಲಿ.

ಹನ್ನೆರಡು ಜನರ ಪ್ರಯೋಗ

ಇದು ಊಹೆಯ ಮಾತಲ್ಲ. ಲೀವನ್‌ಹುಕ್ ಕಂಡ ಜೀವಿಗಳಿಗೂ ರೋಗಕ್ಕೂ ಇರುವ ಕೊಂಡಿಯನ್ನು 1965ರಲ್ಲಿ ಡೆನ್ಮಾರ್ಕಿನ ಆರ್ಹೂಸ್ ನಗರದಲ್ಲಿ ಹೆರಾಲ್ಡ್ ಲೂ ಮತ್ತು ಅವರ ಸಂಗಡಿಗರು ಬಹಳ ಸರಳವಾಗಿ ತೋರಿಸಿದರು. ಆರೋಗ್ಯವಾದ ವಸಡಿದ್ದ ಹನ್ನೆರಡು ಜನರನ್ನು ಆರಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ. ಅವರಿಗೆ ಕೊಟ್ಟ ಕೆಲಸ ಒಂದೇ, ಹಲ್ಲುಜ್ಜುವುದನ್ನು ಸಂಪೂರ್ಣ ನಿಲ್ಲಿಸುವುದು. ದಿನದಿನಕ್ಕೆ ಹಲ್ಲಿನ ಮೇಲೆ ಪಾಚಿ ಬೆಳೆಯಿತು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಪ್ರತಿಯೊಬ್ಬರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಹಲ್ಲುಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರ ವಸಡೂ ಮೊದಲಿನಂತಾಯಿತು. ಔಷಧವಿಲ್ಲ, ಚುಚ್ಚುಮದ್ದಿಲ್ಲ, ಪಥ್ಯವಿಲ್ಲ. ರೋಗವನ್ನು ತಂದದ್ದು ಪಾಚಿ, ವಾಸಿ ಮಾಡಿದ್ದು ಪಾಚಿ ತೆಗೆದ ಕೈ.

ಹಾಗಾದರೆ ಹಲ್ಲುಜ್ಜದವರ ಹಲ್ಲೆಲ್ಲ ಬೀಳಲೇಬೇಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ನಮ್ಮ ನೆರೆಯ ಶ್ರೀಲಂಕೆಯಲ್ಲಿ ದೊರೆಯಿತು. ಅದೇ ಲೂ ಅವರ ತಂಡ 1970ರಲ್ಲಿ ಅಲ್ಲಿನ ಚಹಾ ತೋಟಗಳ 480 ಗಂಡಸರನ್ನು ಪರೀಕ್ಷಿಸಿ, 1985ರವರೆಗೆ ಮತ್ತೆ ಮತ್ತೆ ನೋಡಿತು. ಬ್ರಷ್ಷನ್ನಾಗಲಿ ದಂತವೈದ್ಯರನ್ನಾಗಲಿ ಕಾಣದ ಕೂಲಿಕಾರರು ಇವರು. ಎಲ್ಲರಿಗೂ ವಸಡಿನ ಉರಿಯೂತವಿತ್ತು. ಆದರೆ ನೂರಕ್ಕೆ 11 ಜನರಲ್ಲಿ ರೋಗ ಅಲ್ಲಿಗೇ ನಿಂತಿತು. 81 ಜನರಲ್ಲಿ ನಿಧಾನವಾಗಿ ಆಳಕ್ಕಿಳಿಯಿತು. ಉಳಿದ 8 ಜನರಲ್ಲಿ ಓಡುತ್ತ ಸಾಗಿ, ನಲವತ್ತೈದರ ಹೊತ್ತಿಗೆ ಅವರ ಬಾಯಿ ಬಹುಪಾಲು ಬರಿದಾಯಿತು. ‘ನಮ್ಮಜ್ಜ ಒಂದು ದಿನವೂ ಬ್ರಷ್ಷು ಹಿಡಿಯಲಿಲ್ಲ, ಎಂಬತ್ತಕ್ಕೂ ಕಬ್ಬು ಜಗಿಯುತ್ತಿದ್ದ’ ಎಂದು ವಾದಿಸುವವರಿಗೆ ಇದೇ ಸಮಾಧಾನ. ಅಜ್ಜ ಹನ್ನೊಂದರಲ್ಲಿ ಒಬ್ಬ. ಮೊಮ್ಮಗ ಯಾವ ಗುಂಪಿನವನೆಂದು ಮೊದಲೇ ಹೇಳುವವರು ಯಾರು?

ಒಳಗೆ ನಡೆಯುವುದೇನು?

ಹಲ್ಲನ್ನು ಎಷ್ಟೇ ಶುಚಿ ಮಾಡಿದರೂ ಕೆಲವು ಗಂಟೆಗಳಲ್ಲೇ ಜೊಲ್ಲಿನ ತೆಳುಪೊರೆಯ ಮೇಲೆ ಬ್ಯಾಕ್ಟೀರಿಯಗಳು ಬಂದು ನೆಲೆಸುತ್ತವೆ. ಇದೇ ಪಾಚಿ. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟುಗಳು ಸೇರಿ ಅದು ಕಲ್ಲಾಗುತ್ತದೆ; ಬಿಸಿನೀರಿನ ಪಾತ್ರೆಯ ಒಳಗೆ ಬಿಳಿ ಕಟ್ಟುವಂತೆಯೇ. ಕೆಳದವಡೆಯ ಮುಂದಿನ ಹಲ್ಲುಗಳ ಒಳಮೈ ಮತ್ತು ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆ, ಈ ಎರಡು ಸ್ಥಳಗಳಲ್ಲಿ ಕಿಟ್ಟ ಹೆಚ್ಚು, ಏಕೆಂದರೆ ಜೊಲ್ಲಿನ ನಾಳಗಳು ತೆರೆಯುವುದು ಅಲ್ಲಿ. ಕನ್ನಡಿಯ ಮುಂದೆ ನಾಲಿಗೆಯನ್ನು ಎತ್ತಿ ನೋಡಿಕೊಂಡರೆ ತಿಳಿಯುತ್ತದೆ.

ಹಲ್ಲಿಗೂ ವಸಡಿಗೂ ನಡುವೆ ಎಲ್ಲರಿಗೂ ಒಂದರಿಂದ ಮೂರು ಮಿಲಿಮೀಟರ್ ಆಳದ ಸಣ್ಣ ಸಂದಿ ಇರುತ್ತದೆ. ಪಾಚಿಯ ವಿಷಕ್ಕೆ ಎದುರಾಗಿ ದೇಹ ತನ್ನ ಸೈನ್ಯವನ್ನು ಅಲ್ಲಿಗೆ ಕಳಿಸುತ್ತದೆ. ಯುದ್ಧ ವರ್ಷಗಟ್ಟಲೆ ನಡೆದರೆ ರಣರಂಗವೇ ಹಾಳಾಗುವಂತೆ, ಹಲ್ಲನ್ನು ಹಿಡಿದ ನಾರುಗಳೂ ಎಲುಬೂ ಕರಗುತ್ತವೆ, ಸಂದಿ ಆಳವಾಗಿ ಚೀಲದಂತಾಗುತ್ತದೆ. ಅದರೊಳಗೆ ಬ್ರಷ್ಷು ಹೋಗದು. ಮೊದಲ ಹಂತ, ಎಂದರೆ ಕೇವಲ ರಕ್ತ ಬರುವ ಹಂತ, ಪೂರ್ತಿ ವಾಸಿಯಾಗುತ್ತದೆ. ಎಲುಬು ಕರಗಿದ ಮೇಲೆ ರೋಗವನ್ನು ನಿಲ್ಲಿಸಬಹುದು. ಹೋದ ಎಲುಬು ಬಹುಮಟ್ಟಿಗೆ ಹೋದದ್ದೇ. ಇದೆಲ್ಲದರಲ್ಲಿ ನೋವು ಎಂಬುದು ಬಹಳ ಕಡಿಮೆ. ಹುಳುಕು ಹಲ್ಲು ನಡುರಾತ್ರಿ ಎಬ್ಬಿಸಿ ಕೂರಿಸುತ್ತದೆ, ವಸಡು ರೋಗ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಯಾರೂ ಕೇಳದ ಫೈಲು ಕಪಾಟಿನ ಕೆಳಗಿನ ಅರೆಯಲ್ಲಿ ಗೆದ್ದಲು ಹಿಡಿದಂತೆ.

ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 35ರಿಂದ 44 ವಯಸ್ಸಿನವರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಜನರಿಗೆ ವಸಡಿನ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿ ಕಂಡುಬಂತು. ಮಧುಮೇಹವಿದ್ದವರಿಗೆ ಇದು ಇನ್ನೂ ಮುಖ್ಯ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡಿಗೆ ಚಿಕಿತ್ಸೆಯಾದರೆ ರಕ್ತದ ಸಕ್ಕರೆಯೂ ಸ್ವಲ್ಪ ಸುಧಾರಿಸುತ್ತದೆ. 1993ರಲ್ಲಿ ಲೂ ಅವರು ಇದನ್ನು ಮಧುಮೇಹದ ಆರನೆಯ ತೊಡಕೆಂದು ಕರೆದರು. ರಕ್ತದೊತ್ತಡಕ್ಕೆ, ಮೂರ್ಛೆರೋಗಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ವಸಡು ಊದುವುದುಂಟು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ತಂಬಾಕಿನ ಮಾತು ಹೇಳದೆ ಈ ಲೇಖನ ಮುಗಿಸಲಾಗದು. ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವುದು ಮಹಾರಾಷ್ಟ್ರದ ಹಳೆಯ ರೂಢಿ. ವಿದರ್ಭದ ಖರ್ರಾವಂತೂ ಪಾನ್ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ತಿಕ್ಕಿ ತಿಕ್ಕಿ ಕೊಡುವ ಅಡಿಕೆ, ತಂಬಾಕು, ಸುಣ್ಣಗಳ ಮಿಶ್ರಣ. ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಷೇಧವಾಯಿತು, ಬಾಯಿಯ ಚಟ ನಿಲ್ಲಲಿಲ್ಲ. ನಮ್ಮ ಹುಡುಗರೂ ಇಲ್ಲಿ ಇದನ್ನು ಕಲಿಯುತ್ತಿದ್ದಾರೆ. ಬಾಯಿಯ ಕ್ಯಾನ್ಸರಿನ ವಿಷಯ ಎಲ್ಲರಿಗೂ ಗೊತ್ತು. ಅದನ್ನು ಇರಿಸಿಕೊಂಡ ಜಾಗದಲ್ಲಿ ವಸಡು ಸವೆದು ಬೇರು ಹೊರಬೀಳುವುದು ಅದಕ್ಕಿಂತ ಮೊದಲೇ ಆಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೊಂದು ಮೋಸವಿದೆ. ಹೊಗೆ ವಸಡಿನ ರಕ್ತಸ್ರಾವವನ್ನು ತಗ್ಗಿಸುವುದರಿಂದ ರೋಗ ಬೆಳೆದರೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ.

ಚಿಕಿತ್ಸೆ ಎಲ್ಲಿ, ಹೇಗೆ?

ಭಾರತದ ಮೊದಲ ದಂತವೈದ್ಯ ಕಾಲೇಜು ಹುಟ್ಟಿದ್ದು 1920ರಲ್ಲಿ ಕಲ್ಕತ್ತೆಯಲ್ಲಿ, ಅಮೆರಿಕದ ಅಯೋವಾದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹಮದರ ಸಾಹಸದಿಂದ. 1948ರಲ್ಲಿ ದಂತವೈದ್ಯರ ಕಾಯಿದೆ ಬಂತು. ಕರ್ನಾಟಕದಲ್ಲಿ 1958ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು, 1965ರಲ್ಲಿ ಮಣಿಪಾಲದ ಕಾಲೇಜು ಆರಂಭವಾದವು. ನಾಗಪುರದ ಸರ್ಕಾರಿ ದಂತವೈದ್ಯ ಕಾಲೇಜು ಮತ್ತು ಆಸ್ಪತ್ರೆ 1968ರದು. ವಸಡು ತಜ್ಞರ ಅಖಿಲ ಭಾರತ ಸಂಘ 1975ರಲ್ಲಿ ಸ್ಥಾಪನೆಯಾಯಿತು. ಎಂದರೆ ವಸಡಿಗೇ ಮೀಸಲಾದ ವಿಭಾಗ, ತಜ್ಞರು ನಮ್ಮ ಊರಿನಲ್ಲೇ ಇದ್ದಾರೆ. ಫುಟ್‌ಪಾತಿನ ರಾಮಬಾಣಕ್ಕೆ ಹೋಗುವ ಅಗತ್ಯವಿಲ್ಲ.

ತಜ್ಞರು ಮೊದಲು ಅಳತೆಯ ಗೆರೆಗಳಿರುವ ತೆಳು ಕಡ್ಡಿಯಿಂದ ಸಂದಿಯ ಆಳವನ್ನು ಅಳೆಯುತ್ತಾರೆ, ಎಕ್ಸ್‌ರೇಯಲ್ಲಿ ಎಲುಬನ್ನು ನೋಡುತ್ತಾರೆ. ಬಳಿಕ ಸ್ಕೇಲಿಂಗ್, ಎಂದರೆ ಕಿಟ್ಟ ತೆಗೆಯುವುದು. ಆಳವಾಗಿದ್ದರೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಬೇರನ್ನೂ ಶುಚಿ ಮಾಡುತ್ತಾರೆ. ಕೆಲವು ವಾರಗಳ ನಂತರ ಮತ್ತೆ ಅಳೆದು, ಚೀಲ ಉಳಿದಿದ್ದರೆ ವಸಡನ್ನು ಬಿಡಿಸಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಉಪಕರಣ ವಿದ್ಯುತ್ತಿನದಾಗಿರಬಹುದು, ತತ್ತ್ವ ದಂತಶಂಕುವಿನದೇ.

ಎರಡು ತಪ್ಪು ತಿಳುವಳಿಕೆಗಳನ್ನು ಇಲ್ಲಿ ನಿವಾರಿಸಬೇಕು. ‘ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ’ ಎಂಬುದು ಒಂದು. ಹಲ್ಲು ಮೊದಲೇ ಸಡಿಲವಾಗಿತ್ತು. ಅಕ್ಕಪಕ್ಕದ ಹಲ್ಲುಗಳನ್ನು ಕಿಟ್ಟ ಗಾರೆಯಂತೆ ಹಿಡಿದು ಅದನ್ನು ಮರೆಮಾಚಿತ್ತು. ಗಾರೆ ಬಿದ್ದಾಗ ಸಂದಿ ಕಾಣುತ್ತದೆ, ಸ್ವಲ್ಪ ದಿನ ಜುಮ್ಮೆನ್ನುತ್ತದೆ. ಇನ್ನೊಂದು, ‘ರಕ್ತ ಬರುತ್ತದೆ, ಆದುದರಿಂದ ಉಜ್ಜುವುದಿಲ್ಲ’ ಎಂಬುದು. ರಕ್ತ ಬರುವುದು ಪಾಚಿ ಉಳಿದಿರುವುದರ ಗುರುತು. ಉಜ್ಜುವುದನ್ನು ಬಿಟ್ಟರೆ ಡೆನ್ಮಾರ್ಕಿನ ಹನ್ನೆರಡು ಜನರ ಪ್ರಯೋಗವನ್ನು ನಾವು ನಮ್ಮ ಬಾಯಲ್ಲೇ ಮಾಡಿದಂತೆ. ಮೆದು ಬ್ರಷ್ಷಿನಿಂದ, ದಿನಕ್ಕೆ ಎರಡು ಸಲ, ಅಂಚಿನಲ್ಲಿ, ಒಂದೊಂದಾಗಿ ಉಜ್ಜಬೇಕು. ಎರಡು ವಾರಗಳಲ್ಲಿ ರಕ್ತ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಕೊನೆಗೆ ನಮ್ಮಂಥ ಮನೆಗಳಿಗೆ ವಿಶೇಷವಾದ ಒಂದು ಮಾತು. ಧಾರವಾಡದಿಂದಲೋ ಕಲಬುರ್ಗಿಯಿಂದಲೋ ಮಕ್ಕಳ ಬಳಿಗೆ ಬಂದಿರುವ ಹಿರಿಯರು ಅನೇಕರಿದ್ದಾರೆ. ಇಲ್ಲಿನ ಡಾಕ್ಟರರ ಮರಾಠಿ, ಹಿಂದಿಗಳ ಮುಂದೆ ಅವರು ಬಾಯಿ ಬಿಡುವುದಿಲ್ಲ. ‘ಹಲ್ಲುನೋವಿದೆಯೇ?’ ಎಂದು ಮಗ ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ಅದು ನಿಜವೂ ಹೌದು, ಏಕೆಂದರೆ ಈ ರೋಗದಲ್ಲಿ ನೋವಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಉಜ್ಜುವಾಗ ರಕ್ತ ಬರುತ್ತದೆಯೇ? ರೊಟ್ಟಿ ಬಿಟ್ಟು ಅನ್ನವನ್ನೇ ಏಕೆ ಉಣ್ಣುತ್ತಿದ್ದೀರಿ? ಯಾವ ಹಲ್ಲು ಅಲುಗುತ್ತದೆ? ವಸಡಿಗೆ ಹಿಂದಿಯಲ್ಲಿ ಮಸೂಡಾ, ಮರಾಠಿಯಲ್ಲಿ ಹಿರಡಿ. ಈ ಎರಡು ಶಬ್ದಗಳನ್ನು ಅವರಿಗೆ ಕಲಿಸಿ, ಇಲ್ಲವೇ ಜೊತೆಗೆ ಹೋಗಿ ನಾವೇ ಹೇಳಬೇಕು. ಕಡಲೆ ಕೊಳ್ಳುವ ಕಾಲ ನಮ್ಮ ಮನೆಗಳಿಗೆ ಈಗ ಬಂದಿದೆ. ಅದನ್ನು ಅಗಿಯುವ ಹಲ್ಲನ್ನು ಉಳಿಸಿಕೊಳ್ಳುವ ವಿದ್ಯೆಯೂ ಕೈಗೆಟುಕುವಷ್ಟು ಹತ್ತಿರದಲ್ಲೇ ಇದೆ.